ಹಸಿ ಗಾರೆಯ ಮೇಲೆ ಓಡಿದ ಮಗು

ಬೆಳಕು ಹರಿಯುವ ಹೊತ್ತು. ಗುಂಡಿಗೆ ಹೊದಿಸಿದ ಟಾರ್ಪಾಲಿನ ಮೇಲೆ ಇಬ್ಬನಿ ನಿಂತಿದೆ. ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ಜೊತೆಗಾರ್ತಿಯ ಕೈಯಲ್ಲಿ. ಇಬ್ಬರೂ ಒಂದು ಹನಿಯೂ ಒಳಗೆ ಬೀಳದ ಹಾಗೆ ನೀರನ್ನು ಹೊರಕ್ಕೆ ಜಾರಿಸಿ ಟಾರ್ಪಾಲು ಮಡಿಸುತ್ತಾರೆ.

ದೊಡ್ಡ ಕಟ್ಟಡವೋ ರಸ್ತೆಯೋ ಬರುವ ಕಡೆ ಯಂತ್ರಗಳಿಗಿಂತ ಮೊದಲು ಕಾಲಿಡುವವರು ಇವರು. ಹಿಂದಿನ ಕಾಲದವರು ಬದುಕಿದ ಗುರುತು ಉಳಿದಿದೆಯೇ ಎಂದು ಸಾಲಾಗಿ ನಡೆದು ನೋಡುವುದು, ಗುಂಡಿ ತೋಡಿ ಮಣ್ಣನ್ನು ಜರಡಿ ಹಿಡಿಯುವುದು ಇವರ ಕೆಲಸ. ಆಕೆಯನ್ನು ಎಲ್ಲರೂ ಕರೆಯುವುದು ‘ನೆಲ ನೋಡೋ ಅಕ್ಕ’ ಎಂದೇ. ಬೀದಿಯಲ್ಲೂ ತಲೆ ಎತ್ತುವುದಿಲ್ಲ. ನೆರೆಹೊರೆಯವರನ್ನು ಚಪ್ಪಲಿ ನೋಡಿ ಗುರುತಿಸುತ್ತಾರೆ. “ಇವಳಿಗೆ ನನ್ನ ಮುಖ ಕಾಣ್ಬೇಕಂದ್ರೆ ನಾನು ನೆಲದ ಮೇಲೆ ಮಲಗ್ಬೇಕು,” ಎನ್ನುತ್ತಾರೆ ಗಂಡ.

ಮಂಡಿ ಸವೆದಿದೆ. ಸಿಗುವುದು ಹೆಚ್ಚಾಗಿ ಬಾಟಲಿ ಮುಚ್ಚಳ. “ಒಂದ್ಸಲ ಹಳೇ ಬಟ್ಟಲು ಸಿಕ್ತು ಅಂತ ಕುಣಿದಾಡ್ಬಿಟ್ಟೆ. ನೋಡಿದ್ರೆ ಹಿಂದಿನ ದಿನ ನಾವೇ ಒಡೆದ ಟೀ ಕಪ್ಪು!” ಎಂದು ಆಕೆಯೇ ನಗುತ್ತಾರೆ.

ನಿನ್ನೆ ಮಾತ್ರ ಈ ಗುಂಡಿಯಲ್ಲಿ ಹಳೆಯ ಗಾರೆ ನೆಲದ ಅಂಚು ಕಂಡಿದೆ. ಅದರಲ್ಲಿ ಒತ್ತಿದ ಒಂದು ಪುಟ್ಟ ಹೆಜ್ಜೆ ಗುರುತು. ಅದು ನೆಲದ ಬರೀ ಒಂದು ಚೂರಾದರೆ ಅದನ್ನು ಪೆಟ್ಟಿಗೆಗೆ ಹಾಕಿ ಜಾಗ ಬಿಟ್ಟುಕೊಡಬೇಕು. ನೆಲ ಮುಂದಕ್ಕೂ ಹಬ್ಬಿದ್ದರೆ ಕಟ್ಟಡವೇ ಪಕ್ಕಕ್ಕೆ ಸರಿಯಬೇಕು. ರಾತ್ರಿಯಿಡೀ ಆಕೆಗೆ ಅದೇ ಚಿಂತೆ.

“ಅಕ್ಕಾ, ಬೇಗ ಮುಗಿಸಿ. ನನ್ನ ಪಾಯ ಕಾಯ್ತಾ ಇದೆ,” ಎನ್ನುತ್ತಾರೆ ಕಂಟ್ರಾಕ್ಟರು, ಯಂತ್ರಕ್ಕೆ ಒರಗಿಕೊಂಡು.

“ಈ ಮಗು ನಿಮ್ಮ ಪಾಯಕ್ಕಿಂತ ಮುಂಚಿಂದ ಕಾಯ್ತಿದೆಯಪ್ಪ.”

ಗುಂಡಿಯೊಳಗೆ ಆಕೆಯ ಬ್ರಷ್ಷು ಮೆಲ್ಲಗೆ ಆಡುತ್ತದೆ. ಇನ್ನೊಂದು ಹೆಜ್ಜೆ. ಮತ್ತೊಂದು. ಬೆರಳು ಊರಿದ ಕಡೆ ಗುಳಿ ಆಳ.

“ಹಸಿ ಗಾರೆ ಮೇಲೆ ಓಡಿದೆ, ತರಲೆ! ಗಾರೆಯವನು ಸುಮ್ನೆ ಬಿಟ್ಟಿರ್ತಾನಾ?”

ಇನ್ನಷ್ಟು ಮಣ್ಣು ಸರಿಯುತ್ತದೆ. ಪುಟ್ಟ ಹೆಜ್ಜೆಗಳ ಹಿಂದೆಯೇ ಒಂದು ದೊಡ್ಡ ಪಾದ.

“ಬಂದೇಬಿಟ್ಟ ನೋಡಿ!” ಆಕೆ ಮಗುವಿನಂತೆ ಚಪ್ಪಾಳೆ ತಟ್ಟುತ್ತಾರೆ.

ನೆಲ ಗುಂಡಿಯ ಆಚೆ ಗೋಡೆಯವರೆಗೂ ಎಲ್ಲೂ ಬಿರುಕಿಲ್ಲದೆ ಹಬ್ಬಿದೆ. ತಂಡವನ್ನು ನಡೆಸುವ ಮೇಡಂ ಗುಂಡಿಗಿಳಿದು, ತಡವಿ ನೋಡಿ, ನಗುತ್ತಾರೆ: “ಕಟ್ಟಡ ಆ ಕಡೆಗೆ ಸರಿಸಿ, ಸರ್.”

ಕಂಟ್ರಾಕ್ಟರು ತಲೆಯ ಮೇಲೆ ಕೈ ಹೊರುತ್ತಾರೆ, ಗೊಣಗುತ್ತಾರೆ. ಆಮೇಲೆ ತಾವೂ ಮಂಡಿಯೂರಿ ಇಣುಕುತ್ತಾರೆ. “ಎಲ್ಲಿ, ಸಿಕ್ಕಿಬಿದ್ನಾ ಕಳ್ಳ?” ಯಂತ್ರದ ಡ್ರೈವರೂ ಬಂದು ಬಗ್ಗುತ್ತಾನೆ. ಗುಂಡಿಯ ಸುತ್ತ ಬರೀ ತಲೆಗಳು; ಒಳಗೆ ಬೆಳಕೇ ಇಲ್ಲ.

ಕೆಳಗಿನಿಂದ ಆಕೆಯ ದನಿ: “ಸ್ವಲ್ಪ ಸರ್ಕೊಳ್ರಪ್ಪಾ, ನಂಗೂ ಕಾಣ್ಲಿ.”