ನಿಂತುಹೋಗುವ ಕಂಪ್ಯೂಟರ್ ಮತ್ತು ಎಡಕ್ಕೆ ಬಿದ್ದ ಎಸಳು

ಕಳೆದ ಆಷಾಢದಲ್ಲಿ ನನ್ನ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತುಹೋಗಲು ಶುರುವಾಯಿತು. ಆರಿಹೋಗುವುದಲ್ಲ, ನಿಲ್ಲುವುದು. ಪರದೆಯ ಮೇಲಿದ್ದದ್ದು ಇದ್ದಂತೆಯೇ, ಮೌಸಿನ ಬಾಣ ಇದ್ದಲ್ಲೇ, ಮೂಲೆಯ ಗಡಿಯಾರ ಆ ನಿಮಿಷಕ್ಕೇ ಅಂಟಿಕೊಂಡಿರುತ್ತಿತ್ತು. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಬುಟ್ಟಿಯಲ್ಲಿನ ಬಂಗಡೆಯ ಕಣ್ಣಿನಂತೆ ಪರದೆ ನನ್ನನ್ನೇ ನೋಡುತ್ತಿತ್ತು. ಗುಂಡಿಯನ್ನು ಒತ್ತಿ ಹಿಡಿದು ಆರಿಸಬೇಕು, ಮತ್ತೆ ಎಬ್ಬಿಸಬೇಕು. ಒಂದು ದಿನ ಒಮ್ಮೆ, ಇನ್ನೊಂದು ದಿನ ಐದು ಸಲ.

ಇದನ್ನು ಓದುವ ನಮ್ಮ ದಂಡೆಯ ದೇವಿಯ ಭಕ್ತರಿಗೆ ಇದು ಬರೆಯುವಂಥ ಸಂಕಟವೇ ಎನಿಸಬಹುದು. ನಾನು ಕಾಳಿ ನದಿಯ ಅಳಿವೆಯ ಚಿಪ್ಪಿಗಳ ಮೇಲೆ ನಾಲ್ಕು ವರ್ಷ ಸಂಶೋಧನೆ ಮಾಡಿದವಳು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಗಡುವನ್ನು ವಿಶ್ವವಿದ್ಯಾಲಯದವರು ಎರಡು ಸಲ ಮುಂದೂಡಿದ್ದರು. ಮೂರನೆಯ ಸಲ ಇಲ್ಲವೆಂದು ಬರೆದು ತಿಳಿಸಿದ್ದರು. ಉಳಿದದ್ದು ಕೊನೆಯ ಒಂದು ಲೆಕ್ಕಾಚಾರ. ಅದಕ್ಕೆ ಕಂಪ್ಯೂಟರ್ ಸುಮಾರು ಮೂವತ್ತು ಗಂಟೆ ಬಿಡದೆ ಓಡಬೇಕಿತ್ತು. ಕಾರವಾರದ ನಮ್ಮ ಪ್ರಯೋಗಾಲಯಕ್ಕೆ ಸಂಜೆ ಆರಕ್ಕೆ ಬೀಗ ಬೀಳುತ್ತದೆ, ಮೇನ್ ಸ್ವಿಚ್ಚನ್ನೂ ಆರಿಸುತ್ತಾರೆ. ಹಾಗಾಗಿ ಅಂಕೋಲೆ ಬಳಿಯ ಕೇಣಿಯ ನಮ್ಮ ಮನೆಯಲ್ಲಿದ್ದ, ಲಿನಕ್ಸ್ ಹಾಕಿಕೊಂಡಿದ್ದ ಈ ಹಳೆಯ ಯಂತ್ರವೇ ಗತಿ. ಅದು ಒಮ್ಮೆ ಇಪ್ಪತ್ತಾರು ಗಂಟೆ ಓಡಿ ನಿಂತಿತು. ಅಂದು ನಾನು ಊಟ ಮಾಡಲಿಲ್ಲ.

ನಾನು ಕ್ರಮಬದ್ಧವಾಗಿ ಹುಡುಕಿದೆ. ಪ್ರತಿ ಸಲ ಎಬ್ಬಿಸಿದ ಮೇಲೆ ಯಂತ್ರ ತಾನೇ ಬರೆದಿಟ್ಟ ಹಿಂದಿನ ಲಾಗ್ ತೆರೆದು ಓದುತ್ತಿದ್ದೆ. ಅದರಲ್ಲಿ ದೋಷದ ಒಂದು ಸಾಲೂ ಇರುತ್ತಿರಲಿಲ್ಲ. ಬರವಣಿಗೆ ನಡುವೆಯೇ ನಿಂತುಹೋಗಿರುತ್ತಿತ್ತು. ಲಿನಕ್ಸಿನ ಹಳೆಯ ಕರ್ನಲ್‌ಗೆ ಮರಳಿದೆ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ. ಬಿಸಿಯಾಗುತ್ತಿದೆಯೇ ಎಂದು ಗಂಟೆಗೊಮ್ಮೆ ತಾಪಮಾನ ಬರೆದಿಟ್ಟೆ. ರ‍್ಯಾಮ್ ಪರೀಕ್ಷೆಯನ್ನು ಒಂದು ಸುತ್ತು ಓಡಿಸಿ, ತಪ್ಪಿಲ್ಲವೆಂದು ಬಂದದ್ದಕ್ಕೆ ನನ್ನ ಅನುಮಾನಗಳ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದೆ. ಅಂತರಜಾಲದ ಚರ್ಚಾಕೂಟದಲ್ಲಿ ಕೇಳಿದರೆ, ಒಬ್ಬ ನನ್ನ ಪ್ರಶ್ನೆಯನ್ನು ಓದದೆಯೇ ಬೈದ. ಇನ್ನೊಬ್ಬ ತನಗೂ ಹೀಗೇ ಆಗುತ್ತಿದೆ ಎಂದಷ್ಟೇ ಬರೆದು ಮಾಯವಾದ. ಎಲ್ಲದರ ಮೇಲೂ ಜಿಗುಪ್ಸೆ ಬಂದಿತ್ತು. ಸ್ವಿಚ್ ಹಾಕುವಾಗ ಬರುವ ಆ ಸಣ್ಣ ಬೀಪ್ ಸದ್ದಿಗೆ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಮಾಡದೆ ಬಿಟ್ಟದ್ದು ಒಂದೇ: ಸಿಪಿಯು ಡಬ್ಬವನ್ನು ಬಿಚ್ಚಿ ನೋಡಲಿಲ್ಲ. ಕಾರಣವನ್ನು ಇಲ್ಲಿ ಹೇಳಲೇಬೇಕು. ಸಿಪಿಯು ಇರುವುದು ಮೇಜಿನಡಿಯ ಮೂಲೆಯಲ್ಲಿ. ಆ ಗೋಡೆಯ ಆಚೆ ಬದಿಗೆ ಆಯಿ, ಎಂದರೆ ನನ್ನ ತಾಯಿ, ಮಳೆಗಾಲಕ್ಕೆಂದು ಒಣಮೀನಿನ ಡಬ್ಬಗಳನ್ನು ಇಟ್ಟಿರುತ್ತಾಳೆ. ಮೂಲೆಯ ತುಂಬ ಜಿರಲೆ, ಅವುಗಳ ಹಿಕ್ಕೆ, ಒದ್ದೆ ಗೋಡೆಯ ಬೂಸು, ಮೀನಿನ ವಾಸನೆ. ಮೀನುಗಾರರ ಮನೆಯಲ್ಲಿ ಹುಟ್ಟಿದ ನನಗೆ ಆ ಮೂಲೆ ಕಂಡರೆ ಹೇಸಿಗೆ. ನಾಲ್ಕು ವರ್ಷ ಕೆಸರಿನಲ್ಲಿ ಕೈಯಿಟ್ಟು ಚಿಪ್ಪಿ ಎಣಿಸಿದವಳು, ಅಲ್ಲಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ; ಗುಂಡಿಯನ್ನೂ ಕಾಲ್ಬೆರಳಿನಿಂದಲೇ ಒತ್ತುತ್ತಿದ್ದೆ.

ಗಡುವಿಗೆ ಹನ್ನೊಂದು ದಿನ ಉಳಿದಾಗ ಅದನ್ನು ಕಾರವಾರದ ಒಂದು ಅಂಗಡಿಗೆ ಒಯ್ದೆ. ವೈರುಗಳನ್ನು ಬಿಡಿಸಿ ಹೊರಗೆ ತಂದುಕೊಟ್ಟವಳು ಆಯಿಯೇ. ಅಂಕೋಲೆಯಲ್ಲಿ ಬಸ್ ಹತ್ತಿ, ಪ್ಲಾಸ್ಟಿಕ್ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

"ಇದ್ಕೂ ಒಂದ್ ಅರ್ಧ ಟಿಕೆಟ್ ಕೊಡ್ಲಾ ಅಕ್ಕಾ? ಮಗು ಚೆನ್ನಾಗ್ ನಿದ್ದೆ ಹೊಡೀತದೆ," ಎಂದ ಕಂಡಕ್ಟರ್. ಬಸ್ಸಿನವರೆಲ್ಲ ನಕ್ಕರು. ನಾನು ಕಿಟಕಿಯ ಕಡೆ ತಿರುಗಿದೆ.

ಅಂಗಡಿಯವರು ಮುಚ್ಚಳ ತೆಗೆಯಲೇ ಇಲ್ಲ. ಎರಡು ಗಂಟೆ ಓಡಿಸಿದರು. ಅಲ್ಲಿ ಅದು ಒಮ್ಮೆಯೂ ನಿಲ್ಲಲಿಲ್ಲ. "ಡಬ್ಬಿ ಸರಿ ಉಂಟು ಮೇಡಂ. ನಿಮ್ಮ ಲಿನಕ್ಸೇ ರೋಗ. ಬಿಟ್ಟು ಹೋಗಿ, ಎಲ್ಲಾ ಅಳಿಸಿ ಬೇರೆ ಹಾಕಿ ಕೊಡ್ತೆ. ಎಂಟು ದಿನ ಆಗ್ತದೆ." ಕಡತಗಳ ಪ್ರತಿ ನನ್ನ ಬಳಿ ಇತ್ತು. ಆದರೆ ಲೆಕ್ಕಾಚಾರದ ತಂತ್ರಾಂಶಗಳನ್ನು ಹೊಂದಿಸಲು ನನಗೆ ಒಂದು ತಿಂಗಳು ಹಿಡಿದಿತ್ತು. ಅಳಿಸಿದರೆ ಆ ಹೊಂದಿಕೆ ಹೋಯಿತು, ಅಳಿಸದಿದ್ದರೆ ಹೀಗೇ ನಿಲ್ಲುತ್ತದೆ. ನಾಳೆ ತರುತ್ತೇನೆಂದು ಹೇಳಿ ಅದೇ ಭಾರವನ್ನು ಹೊತ್ತು ಮರಳಿದೆ.

ಮನೆಯ ಜಗುಲಿಯಲ್ಲಿ ಆಯಿ ನನ್ನ ಮುಖ ನೋಡಿದಳು. "ಎಂತ ಹೇಳ್ದ ಅಂವ?"

"ಎಲ್ಲ ಅಳಿಸ್ಬೇಕಂತೆ."

"ಹಂಗಾರೆ ನಾಳೆ ಬೆಳಿಗ್ಗೆ ಪ್ರಸಾದ ಕೇಳ್ವಾ. ದೇವಿ ಹೇಳ್ದಂಗೆ ಮಾಡು." ಯಂತ್ರವನ್ನು ಮತ್ತೆ ಮೇಜಿನಡಿಯ ಮೂಲೆಗೆ ಇಟ್ಟವಳೂ ಅವಳೇ.

ನಮ್ಮ ದಂಡೆಯ ಸಣ್ಣ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ನಿಮಗೆಲ್ಲ ಗೊತ್ತು. ಪೂಜೆ ಮಾಡುವ ಗುನಗರು ದೇವಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ದೋಣಿ ಇಳಿಸಲು, ಹೆಣ್ಣು ಕೊಡಲು ಕೇಳುತ್ತಾರೆ. ನಾನು ಚಿಕ್ಕಂದಿನಿಂದ ನಮಸ್ಕರಿಸಿದವಳೇ ಹೊರತು ಏನನ್ನೂ ಕೇಳಿದವಳಲ್ಲ. ಮರುದಿನ ಬೆಳಿಗ್ಗೆ ಅಲ್ಲಿ ನಿಂತಾಗ ನನ್ನ ಮೇಲೆಯೇ ಅಸಹ್ಯವಾಯಿತು. ಲಾಗ್ ಓದುವವಳು ಕೊನೆಗೆ ಎಸಳು ಓದುವ ಮಟ್ಟಕ್ಕೆ ಬಂದೆನಲ್ಲ ಎಂದು. ಆದರೂ ಕಣ್ಣು ಮುಚ್ಚಿದಾಗ ಬಂದ ಪ್ರಾರ್ಥನೆ ಸುಳ್ಳಲ್ಲ. ತಾಯೇ, ನನಗೆ ಇನ್ನು ತೋಚುವುದಿಲ್ಲ. ದಾರಿ ತೋರಿಸು. ತೋರಿಸಿದರೆ, ಮನೆಯ ವಿಷಯ ಹೊರಗೆ ಆಡದ ನಾನು ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತೇನೆ.

ಗುನಗರು ಕೇಳಿದರು, "ಎಂತ ಕೇಳ್ಬೇಕು ಮಗಾ?"

"ಯಂತ್ರ ಅಂಗಡಿಗೆ ಕೊಡಬೇಕಾ ಅಂತ."

"ಯಾವ ಯಂತ್ರ? ದೋಣೀದಾ?"

"ಕಂಪ್ಯೂಟರು."

ಅವರು "ದೇವಿಗೆ ಎಲ್ಲಾ ಒಂದೇ," ಎಂದು ಎಸಳು ಅಂಟಿಸಿದರು. ಬಹಳ ಹೊತ್ತಿನ ಮೇಲೆ ಎಡದ್ದು ಬಿತ್ತು.

ಕೊಡಬೇಡ. ಅಷ್ಟೇ. ಮುಂದೇನು ಮಾಡಬೇಕೆಂದು ಇಲ್ಲ. ಮನೆಗೆ ಬಂದು ಮಲಗಿದೆ. ದೇವಿಯ ಮೇಲೂ ಬೇಸರ ಬಂದಿತ್ತೆಂದು ಮುಚ್ಚಿಡದೆ ಬರೆಯುತ್ತಿದ್ದೇನೆ.

ಅದೇ ಮಧ್ಯಾಹ್ನ ಹಾರವಾಡದಿಂದ ಆಯಿಯ ತಮ್ಮ ಪುರಸು ಮಾವ ಬಂದ. ಮೀನುಗಾರಿಕೆ ನಿಷೇಧದ ದಿನಗಳು, ದೋಣಿಗಳೆಲ್ಲ ದಡದಲ್ಲಿದ್ದವು. ಆ ಎರಡು ತಿಂಗಳು ಮಾವನ ಕೆಲಸ ದೋಣಿಗಳ ವೈರ್‌ಲೆಸ್ ಮತ್ತು ಮೀನು ತೋರಿಸುವ ಯಂತ್ರಗಳನ್ನು ಬಿಚ್ಚಿ ಒರೆಸುವುದು. ಡೀಸೆಲ್ ಮತ್ತು ಬೀಡಿಯ ನಾತ ಹೊತ್ತು ಬರುವ ಮಾವನನ್ನು ಕಂಡರೆ ನಾನು ಒಳಗೆ ಹೋಗುವವಳು. ಅವನೇ ಕೋಣೆಯ ಬಾಗಿಲಿಗೆ ಬಂದ.

"ಎಂತದೇ ಡಾಕ್ಟರಮ್ಮಾ, ಮಷಿನು ಮೌನವ್ರತ ಹಿಡೀತಂತೆ?"

"ನಿಮಗೆ ಅದೆಲ್ಲ ತಿಳಿಯೂದಿಲ್ಲ ಮಾವಾ."

"ತಿಳಿಯೂದಿಲ್ಲ ಖರೆ. ನಮ್ಮ ವೈರ್‌ಲೆಸ್ಸೂ ಮಾತಾಡ್ತಾ ಮಾತಾಡ್ತಾ ನಿಲ್ತದೆ. ಉಪ್ಪು ಕೂತಿದ್ರೆ ಹಂಗೇ. ಬಿಚ್ಚಿ ನೋಡಿದ್ಯಾ?"

ಮಾವ ಚಾಪೆ ಸರಿಸಿ ಮೇಜಿನಡಿಗೆ ತಲೆ ಹಾಕಿದ. ಸ್ವಲ್ಪ ಹೊತ್ತಿಗೆ ಅಡಿಯಿಂದ ಸಣ್ಣ ನಗು ಕೇಳಿತು.

"ಅಕ್ಕಾ, ಬಾರೇ ಇಲ್ಲಿ. ಇದನ್ನ ಯಾರ್ ಕಟ್ಟಿದ್ದು?"

ಮೇಜಿನ ಹಲಗೆಯ ಕೆಳಬದಿಗೆ, ಸಿಪಿಯುವಿನ ನೇರ ಮೇಲೆ, ಮೊಳೆಗೆ ಕಟ್ಟಿದ ಕೆಂಪು ಬಟ್ಟೆಯ ಗಂಟು. ಒಳಗೆ ಕಲ್ಲುಪ್ಪು, ಒಣಮೆಣಸು. ಮಳೆಯ ತೇವಕ್ಕೆ ಉಪ್ಪು ನೀರಾಗಿ ಬಟ್ಟೆಯಿಂದ ತೊಟ್ಟಿಕ್ಕಿ, ಡಬ್ಬದ ಮೇಲಿನ ಗಾಳಿಕಿಂಡಿಗಳಲ್ಲಿ ಇಳಿದಿತ್ತು.

ಆಯಿ ಸೆರಗು ಹಿಡಿದು ನಿಂತಳು. "ಊರವ್ರೆಲ್ಲ ಡಾಕ್ಟರು ಡಾಕ್ಟರು ಹೇಳ್ತಿದ್ರು. ದೃಷ್ಟಿ ಆದೀತು ಹೇಳಿ…"

"ಮೀನಿಗೆ ಹಾಕೂ ಉಪ್ಪು ಕಂಪ್ಯೂಟರಿಗೆ ಹಾಕ್ದೆ ಅಲ್ದನೇ! ಇನ್ನೆಂಟ್ ದಿನ ಬಿಟ್ಟಿದ್ರೆ ಒಣಗ್ಸಿ ಮಾರೂಕೆ ಆಗ್ತಿತ್ತು."

ಮಾವ ಮುಚ್ಚಳ ತೆಗೆದಾಗ ನಾನು ಮೂಗು ಮುಚ್ಚಿಕೊಂಡೆ. ಧೂಳು ಉಪ್ಪುನೀರಿನಲ್ಲಿ ಕಲಸಿ ಅಂಟಾಗಿತ್ತು, ಅದರಲ್ಲಿ ಜಿರಲೆಯ ಕಾಲುಗಳು ಸಿಕ್ಕಿಕೊಂಡಿದ್ದವು. ರ‍್ಯಾಮ್ ಪಟ್ಟಿಯ ಹಲ್ಲುಗಳ ಮೇಲೆ ಹಸಿರು ಕಿಲುಬು. ಮಾವ ಶಾಲೆಯ ಮಕ್ಕಳ ರಬ್ಬರಿನಿಂದ ಒಂದೊಂದೇ ಹಲ್ಲನ್ನು ಉಜ್ಜಿದ, ಸ್ಪಿರಿಟ್ ಹಚ್ಚಿದ ಬ್ರಷ್ಷಿನಿಂದ ಅದು ಕೂರುವ ಸೀಳನ್ನು ಒರೆಸಿದ. ಆ ಒರಟು ಬೆರಳುಗಳು ಅಷ್ಟು ಹಗುರಾಗಿ ಆಡುತ್ತವೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ನೀ ಮಾಡು. ಹೇಸ್ಬೇಡ," ಎಂದ. ಮಾಡಿದೆ.

ಮೂರು ವಾರ ನಾನು ಕರ್ನಲ್ ಬರೆದವರನ್ನು ಬೈದೆ, ಅಂಗಡಿಯವರನ್ನು ಬೈದೆ, ಬೆಳಿಗ್ಗೆ ದೇವಿಯನ್ನೂ. ಒಮ್ಮೆ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ಬಗ್ಗದಂತೆ ನನ್ನನ್ನು ತಡೆದದ್ದು ನನ್ನದೇ ಹೇಸಿಗೆ. ಆಯಿಗೆ ಬೈಯಲು ಬಾಯಿ ಬರಲಿಲ್ಲ. ಅವಳು ಆ ಮೂಲೆಗೆ ನುಗ್ಗಿ ಗಂಟು ಕಟ್ಟಿದ್ದು ನನಗಾಗಿ. ನಾನು ನನಗಾಗಿಯೂ ಅಲ್ಲಿಗೆ ಹೋಗಿರಲಿಲ್ಲ.

ರ‍್ಯಾಮ್ ಪರೀಕ್ಷೆಯನ್ನು ಈ ಸಲ ಆರು ಸುತ್ತು ಓಡಿಸಿದೆ. ತಪ್ಪಿಲ್ಲ. ಆಮೇಲೆ ಲೆಕ್ಕಾಚಾರ ಹಚ್ಚಿ ಕೈಮುಗಿದು ಎದ್ದುಹೋದೆ. ಮೂವತ್ತೊಂದು ಗಂಟೆ ಓಡಿ ಮುಗಿಯಿತು. ಗಡುವಿಗೆ ಎರಡು ದಿನ ಮೊದಲು ಪ್ರಬಂಧ ಒಪ್ಪಿಸಿದೆ.

ಮೊದಲೇ ಆರು ಸುತ್ತು ಓಡಿಸಿದ್ದರೆ ತಪ್ಪು ಸಿಗುತ್ತಿತ್ತಲ್ಲ, ದೇವಿ ಏಕೆ ಬೇಕಿತ್ತು ಎಂದು ಸಹಪಾಠಿಯೊಬ್ಬಳು ಕೇಳಿದಳು. ಸಿಗುತ್ತಿತ್ತು. ನಾನು ಓಡಿಸಿರಲಿಲ್ಲ. ಬಲದ ಎಸಳು ಬಿದ್ದಿದ್ದರೆ ಆ ಮಧ್ಯಾಹ್ನ ಯಂತ್ರ ಕಾರವಾರದಲ್ಲಿ ಇರುತ್ತಿತ್ತು, ಎಲ್ಲ ಅಳಿಸಿ ಮರಳಿ ಬಂದು ಅದೇ ಗಂಟಿನ ಅಡಿಗೆ ಕೂರುತ್ತಿತ್ತು. ದೇವಿ ತಾಯಿ ನನಗೆ ಕೊಡಬೇಡ ಎಂದಳು, ಮಾವನನ್ನು ಕಳಿಸಿದಳು. ನನಗೆ ಅಷ್ಟು ಸಾಕು. ಅವಳಿಗೆ ಶರಣು, ಹರಕೆಯಂತೆ ಬರೆದಿದ್ದೇನೆ.

ದೃಷ್ಟಿಯ ಉಪ್ಪನ್ನು ಆಯಿ ಈಗ ಮೇಜಿಗೆ ಕಟ್ಟದೆ ಗುಡಿಯಲ್ಲಿ ಒಪ್ಪಿಸಿ ಬರುತ್ತಾಳೆ. ಶನಿವಾರ ಮೇಜಿನಡಿಯ ಮೂಲೆಯನ್ನು ಒರೆಸುವುದು ನಾನು. ಹೇಸಿಗೆ ಹೋಗಿಲ್ಲ. ಆದರೂ ಕೈ ಅಲ್ಲಿಗೆ ಹೋಗುತ್ತದೆ.