ಐವತ್ತೆರಡರಲ್ಲಿ ಸಿಕ್ಕ ಹಬ್ಬದ ಚೀಲ

"ಕೈ ಚಾಚು" ಎಂದಳು ಮಾರಿಯಾ. ಅರಬ್ ನಾಡಿನ ನಿಜ್ವಾ ಪಟ್ಟಣದ ಆಸ್ಪತ್ರೆಯ ವಿಶ್ರಾಂತಿ ಕೋಣೆಯಲ್ಲಿ ಶೂ ಬಿಚ್ಚಲೂ ತ್ರಾಣವಿಲ್ಲದೆ ಕೂತಿದ್ದೆ. ಅವಳು ಮಾಲ್ಟಾ ದ್ವೀಪದವಳು, ನನ್ನಂತೆಯೇ ನರ್ಸ್. ಬಿಡುವಿಲ್ಲದ ಡ್ಯೂಟಿಯಲ್ಲಿ ಆ ವರ್ಷದ ದೀಪಾವಳಿಗೆ ನಾನು ಒಂದು ಹಣತೆಯನ್ನೂ ಹಚ್ಚಿರಲಿಲ್ಲ. "ಖಲಾಸ್, ಇನ್ನು ನನ್ನಿಂದಾಗದು. ಕೆಲಸ ಬಿಟ್ಟು ಬರ್ತೇನೆ" ಎಂದು ಪುತ್ತೂರಿನಲ್ಲಿರುವ ಗಂಡನಿಗೆ ಬೆಳಿಗ್ಗೆಯಷ್ಟೇ ಫೋನಿನಲ್ಲಿ ಹೇಳಿದ್ದೆ.

ಮಾರಿಯಾ ನನ್ನ ಕೈಗೊಂದು ಬಟ್ಟೆಚೀಲ ಇಟ್ಟಳು. ಒಳಗೆ ಅಕ್ರೋಟು, ಒಣ ಅಂಜೂರ, ಒಂದು ಕಿತ್ತಳೆ, ಮನೆಯಲ್ಲೇ ಮಾಡಿದ ಪುಟ್ಟ ಬನ್ನು. ನವೆಂಬರಿನಲ್ಲಿ ಬರುವ ಸಂತ ಮಾರ್ಟಿನರ ಹಬ್ಬಕ್ಕೆ ಅವಳ ಊರಿನಲ್ಲಿ ಮಕ್ಕಳಿಗೆ ಹೀಗೆ ಚೀಲ ತುಂಬಿ ಕೊಡುತ್ತಾರಂತೆ.

"ನನಗೆ ಐವತ್ತೆರಡಾಯಿತು ಮಾರಾಯ್ತಿ" ಎಂದೆ.

"ನನಗೆ ಅರವತ್ತು. ನಿನ್ನನ್ನು ಮಗು ಅನ್ನಲು ಅಷ್ಟು ಸಾಕು. ತಿನ್ನು."

ಯಾಕೋ ಅಳು ತಡೆಯಲಾಗಲಿಲ್ಲ. ಅವಳು ಕಿತ್ತಳೆ ಸುಲಿದು, ಒಂದೊಂದೇ ತೊಳೆಯನ್ನು ನನ್ನ ಅಂಗೈಗೆ ಇಡುತ್ತಾ ಹೋದಳು.

ಆಯಾಸ ಇನ್ನೂ ಹೋಗಿಲ್ಲ, ಕೆಲಸ ಬಿಡುವ ಯೋಚನೆಯೂ ಇದೆ. ಆದರೆ ಅಮ್ಮ ತೀರಿಕೊಂಡ ಮೇಲೆ ಹಬ್ಬಕ್ಕೆಂದು ನನಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ ಎಂಬುದು ನನಗೆ ಅರಿವಾದದ್ದು ಅಂದೇ.