ನೀಲಿ ಬಾಲದ ವೀರರೂ ಹಜರಾ ಬೀಯ ಬೆರಳುಗಳೂ

ತುಮಕೂರಿನ ಒಂದು ಫಾರ್ಮಸಿ ಕಾಲೇಜಿನ ಹಿಂಬದಿಯಲ್ಲಿ ಇಲಿಗಳ ಸಾಮ್ರಾಜ್ಯವೊಂದಿದೆ. ಅದರ ಏಕಚ್ಛತ್ರಾಧಿಪತಿ ಗುಬ್ಬಿಯ ರಹಮತ್ ಉಲ್ಲಾ. ಪಂಜರ ತೊಳೆಯುವುದು, ಭತ್ತದ ಹೊಟ್ಟು ಹಾಸುವುದು, ಚುಚ್ಚುಮದ್ದಿನ ಹೊತ್ತಿಗೆ ಪ್ರಜೆಗಳನ್ನು ಅಲುಗದಂತೆ ಹಿಡಿದುಕೊಡುವುದು ಅವನ ರಾಜಕಾರ್ಯ. ಅವನು ಒಳಗೆ ಕಾಲಿಟ್ಟರೆ ಬಿಳಿ ಪ್ರಜಾಕೋಟಿ ಹಿಂಗಾಲ ಮೇಲೆ ಎದ್ದು ನಿಂತು ಮೀಸೆ ಕುಣಿಸುತ್ತದೆ. ಇಷ್ಟು ಮರ್ಯಾದೆ ಯಾವ ಮಂತ್ರಿಗೆ ಸಿಕ್ಕೀತು?

ಮನೆಯಲ್ಲಿ ಮಾತ್ರ ಚಕ್ರವರ್ತಿಯ ಆಜ್ಞೆ ನಡೆಯದು. ಹೆಂಡತಿ ಹಜರಾ ಬೀಯ ಬಲಗೈ ಯಾರ ಮಾತೂ ಕೇಳದೆ ನಡುಗುತ್ತದೆ. ಗುಬ್ಬಿಯಲ್ಲಿ ಮದುವೆಯೆಂದರೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಲು ಅವಳೇ ಆಗಬೇಕಿತ್ತು. ಗಂಡ ಬಿಟ್ಟುಹೋದರೂ ಹಜರಾ ಹಾಕಿದ ಗಂಟು ಬಿಚ್ಚದು ಎಂದು ಹೆಂಗಸರು ನಗುತ್ತಿದ್ದರು. ಈಗ ಡಾಕ್ಟರು ಪಾರ್ಕಿನ್ಸನ್ ಎಂದಿದ್ದಾರೆ. ಮಾತ್ರೆ ನುಂಗಿದರೆ ಕೈ ಸ್ವಲ್ಪ ಹೊತ್ತು ವಿಧೇಯ. ಆಮೇಲೆ ಮತ್ತೆ ದಂಗೆ.

ರಂಜಾನಿನ ಕೊನೆಯ ಹತ್ತು ದಿನ ರಹಮತ್ ರಜೆ ಹಾಕಿ, ಲೋಕದ ಗೊಡವೆ ಬಿಟ್ಟು, ಮಸೀದಿಯಲ್ಲೇ ಏತಿಕಾಫ್ ಕೂತ. ಆ ಕೈಗಾಗಿಯೇ ದುಆ ಮಾಡಿದ. ಹಬ್ಬ ಮುಗಿಸಿ ಬಂದರೆ ಸಿಂಚನಾ ಎಂಬ ವಿದ್ಯಾರ್ಥಿನಿಯ ಪ್ರಯೋಗ ಶುರುವಾಗಿತ್ತು. ಗುರುತಿಗೆ ಕೆಲವು ಇಲಿಗಳ ಬಾಲಕ್ಕೆ ಕೆಂಪು, ಕೆಲವಕ್ಕೆ ನೀಲಿ. ಎಲ್ಲಕ್ಕೂ ಎಣ್ಣೆಯಲ್ಲಿ ಕಲಸಿದ, ನಡುಕ ತರಿಸುವ ಒಂದೇ ವಿಷದ ಚುಚ್ಚುಮದ್ದು. ಕೆಂಪು ಬಾಲದವು ಬರಬರುತ್ತ ಹಜರಾಳಂತೆಯೇ ನಡುಗಿ, ಮರಗಟ್ಟಿ, ಓಡಿಸಿ ಪರೀಕ್ಷಿಸುವ ತಿರುಗುವ ದಂಡದಿಂದ ದೊಪ್ಪನೆ ಬೀಳತೊಡಗಿದವು. ನೀಲಿ ಬಾಲದ ವೀರರೋ, ಅದೇ ದಂಡದ ಮೇಲೆ ಓಡಿದ್ದೇ ಓಡಿದ್ದು! ಅವಕ್ಕೆ ಮಾತ್ರ ದಿನಾ ಬೆಳಗ್ಗೆ ಒಂದೆಲಗದ ರಸ ಕುಡಿಸುತ್ತಿದ್ದರು.

ದುಆ ಕಬೂಲಾಯಿತು ಎಂದುಕೊಂಡ ರಹಮತ್.

ಕಾಲೇಜಿಗೆ ಸೊಪ್ಪು ತರುತ್ತಿದ್ದವನು ವಾಚ್‌ಮನ್ ಅಂಜಿನಪ್ಪ, ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯವನು. ಹಜರಾಳಿಗೂ ಅದೇ ಸೊಪ್ಪು ಬೇಕೆಂದು ರಹಮತ್ ಅವನನ್ನು ಹಿಡಿದ.

"ಗುಬ್ಬಿ ಕೆರೆ ಕೆಳ್ಗೂ ಒಂದೆಲಗ ಬೆಳೀತದಲ್ಲ ಸಾಬ್ರೇ, ನಮ್ಮೂರ್ ನಾಲೆಗೇ ಯಾಕ್ ಬರ್ತೀರಾ?"

"ಇಲಿ ಕುಡ್ದಿರೋದು ನಿಮ್ಮೂರ್ದು ಕಣಪ್ಪಾ. ಕಂಪ್ನಿ ಬದಲಾದ್ರೆ ಗ್ಯಾರಂಟಿ ಎಲ್ಲಿ?"

ಭಾನುವಾರ ಬಂದರೆ ಬಸ್ಸು ಬದಲಿಸಿ ಹೋಗಿ, ಪ್ಯಾಂಟು ಮಡಚಿ, ನಾಲೆಯ ಕೆಸರಿಗಿಳಿಯುತ್ತಿದ್ದ. ಚೀಲ ಹೊತ್ತು ಬಂದವನನ್ನು ನೋಡಿ ಅಂಜಿನಪ್ಪ, "ಸಂಜೀವಿನಿ ತರೋದು ನಮ್ ದೇವ್ರ ಡ್ಯೂಟಿ ಸಾಬ್ರೇ, ಕಾಂಪಿಟೇಷನ್ ಕೊಡ್ಬೇಡಿ" ಎಂದು ನಕ್ಕ.

ಹಜರಾ ಬೀ ಮುಖ ಕಿವಿಚದೆ ಕುಡಿದಳು. ತಿಂಗಳು ಕಳೆಯಿತು. ಕೈ ನಡುಗುತ್ತಲೇ ಇತ್ತು. ಅಳತೆ ಸಾಲದೇನೋ ಎಂದು ರಹಮತ್ ಸಿಂಚನಾಳನ್ನೇ ಕೇಳಿದ: "ಮೇಡಂ, ಮನುಷ್ಯರಿಗಾದ್ರೆ ಈ ರಸ ಎಷ್ಟು ಲೋಟ?"

ವಿಷಯ ತಿಳಿದು ಅವಳು ಪೆಚ್ಚಾದಳು. "ಅಂಕಲ್, ನೀವು ರಜೇಲಿದ್ರಲ್ಲ, ಆಗ್ಲೇ ನೀಲಿ ಗುಂಪಿಗೆ ಸೊಪ್ಪು ಶುರು ಮಾಡಿದ್ದು. ವಿಷ ಕೊಟ್ಟಿದ್ದು ಆಮೇಲೆ. ರೋಗ ಬರೋದನ್ನ ತಡೆಯುತ್ತಾ ಅಂತ ನೋಡ್ತಿರೋದು, ಅಷ್ಟೇ."

"ಆಗ್ಲೇ ನಡುಗ್ತಿರೋವಕ್ಕೆ?"

"ಅವಕ್ಕೆ ಕೊಟ್ಟಿಲ್ಲ. ಅದು ನನ್ ಪ್ರಾಜೆಕ್ಟಲ್ಲೇ ಇಲ್ಲ ಅಂಕಲ್."

"ಒಂದೇ ಒಂದು ಕೆಂಪು ಬಾಲಕ್ಕೆ ಈಗ ಕೊಟ್ಟು ನೋಡಿ ಮೇಡಂ. ನಾನೇ ಹಿಡ್ಕೋತೀನಿ."

"ಟೈಮಿಲ್ಲ ಅಂಕಲ್. ನಾಳೆ ಎಲ್ಲಾದ್ರ ಮಿದುಳೂ ತೆಗೀಬೇಕು."

"ನೀಲೀದೂನಾ?"

"ನೀಲೀದೂ."

ಗೆದ್ದವರಿಗೂ ಸೋತವರಿಗೂ ಒಂದೇ ಸನ್ಮಾನ! ಚಕ್ರವರ್ತಿ ಪ್ರಜೆಗಳಿಗೆ ನೀರಿಟ್ಟು, ಯಾರ ಮುಖವನ್ನೂ ನೋಡದೆ ಗುಬ್ಬಿಯ ಬಸ್ಸು ಹತ್ತಿದ.

ಮನೆಯಲ್ಲಿ ಹಜರಾ ಬೀ ಆಗಲೇ ರಸ ಮಾಡಿಕೊಂಡು ಕೂತಿದ್ದಳು. ಲೋಟ ಎತ್ತಿದಳು, ಅಂಚು ಹಲ್ಲಿಗೆ ಟಕಟಕ ಬಡಿಯಿತು.

"ಅಜೀ, ಇವತ್ತು ಕೈ ಸ್ವಲ್ಪ ವಾಸಿ ಅನ್ನಿಸ್ತದೆ" ಎಂದಳು. ಅರ್ಧ ರಸ ಸೆರಗಿನ ಮೇಲಿತ್ತು.

ರಹಮತ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಬದಿಗಿಟ್ಟ. ಬಟ್ಟೆ ತಂದು ಸೆರಗು ಒರೆಸಿದ.

"ನೀವೂ ಒಂದ್ ಲೋಟ ಕುಡೀರಿ" ಎಂದು ಅವಳು ಮುಂದಕ್ಕೆ ತಳ್ಳಿದಳು. ಗಟಗಟ ಕುಡಿದ. ಆ ಮನೆಯಲ್ಲಿ ಅದನ್ನು ಸರಿಯಾದ ಹೊತ್ತಿಗೆ, ಅಂದರೆ ರೋಗಕ್ಕೆ ಮುಂಚೆ, ಕುಡಿದವನು ಅವನೊಬ್ಬನೇ.

"ಸೊಪ್ಪು ಮುಗೀತು. ಭಾನುವಾರ ಇನ್ನೊಂದ್ ಸ್ವಲ್ಪ ಜಾಸ್ತಿ ತನ್ನಿ."

"ತರ್ತೀನಿ" ಎಂದ.